ಸಂಪಿಗೆ ಬೆಳೆಸುವವರಿಗೆ: ಬೀಜದ ಗಿಡವೋ ಕಸಿ ಗಿಡವೋ, ಮೊದಲು ಅದನ್ನು ನೋಡಿ

"ಗಿಡ ನೆಟ್ಟು ಐದಾರು ವರ್ಷ ಆಯ್ತು, ಎಲೆ ಮಾತ್ರ ದಂಡಿಯಾಗಿ ಬರುತ್ತೆ, ಒಂದು ಹೂವೂ ಕಾಣೆ." ಸಂಪಿಗೆ ಬೆಳೆಸಿದವರ ಬಾಯಲ್ಲಿ ಸದಾ ಕೇಳಿಬರುವ ದೂರು ಇದು. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ, ಯಾರೋ ಹೇಳಿದರು ಅಂತ ಕಾಂಡಕ್ಕೆ ಮೊಳೆ ಹೊಡೆಯುತ್ತಾರೆ, ಕೊನೆಗೆ ಬೇಸರ ಬಂದು ಕಡಿದೇ ಹಾಕುತ್ತಾರೆ. ಪಾಪ, ಗಿಡದ ತಪ್ಪೇನೂ ಇರುವುದಿಲ್ಲ. ಅದು ಬೀಜದಿಂದ ಹುಟ್ಟಿದ ಗಿಡ, ಅಷ್ಟೇ. ಬೀಜದ ಸಂಪಿಗೆ ಹೂ ಬಿಡೋಕೆ ಸಾಮಾನ್ಯವಾಗಿ 7–8 ವರ್ಷ ಬೇಕು, ಕೆಲವು ಹತ್ತು ವರ್ಷವನ್ನೂ ದಾಟಿಸುತ್ತವೆ. ಕಸಿ ಗಿಡವಾದರೆ, ಅಂದರೆ ಬೀಜದ ಗಿಡದ ಬುಡಕ್ಕೆ ಹೂ ಬಿಡುವ ಮರದ ರೆಂಬೆ ಕೂಡಿಸಿದ್ದಾದರೆ, 2–3 ವರ್ಷಕ್ಕೇ ಹೂ ಕಾಣಬಹುದು. ಆದ್ದರಿಂದ ಮಣ್ಣು, ಗೊಬ್ಬರ, ನೀರು ಎಲ್ಲ ಆಮೇಲೆ. ನಿಮಗೆ ಎಷ್ಟು ಜಾಗ ಇದೆ, ಎಷ್ಟು ವರ್ಷ ಕಾಯ್ತೀರಿ ಅನ್ನೋದನ್ನ ಮೊದಲು ತೀರ್ಮಾನ ಮಾಡಿ.

ಜಾಗ ಯಾಕೆ ಮುಖ್ಯ ಅಂದರೆ, ಸಂಪಿಗೆ ಮೂಲತಃ ಕಾಡಿನ ಮರ. ಪಶ್ಚಿಮ ಘಟ್ಟದ ಕಾಡಿನಲ್ಲಿ 100 ಅಡಿಗೂ ಎತ್ತರಕ್ಕೆ ಹೋಗುತ್ತೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ದೊಡ್ಡಸಂಪಿಗೆಯನ್ನು ನೋಡಿದವರಿಗೆ ಇದು ಗೊತ್ತಿರುತ್ತೆ. ಭಾರ್ಗವಿ ಹೊಳೆಯ ದಡದಲ್ಲಿ ನಿಂತಿರುವ ಆ ಮರ ನೂರಾರು ವರ್ಷ ಹಳೆಯದು, ಬುಡ ತಬ್ಬಿಕೊಳ್ಳೋಕೆ ಹಲವು ಜನ ಕೈಕೈ ಹಿಡಿಯಬೇಕು. ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ ಅದು ದೇವರು. ಬುಡದಲ್ಲಿ ಲಿಂಗಗಳನ್ನಿಟ್ಟು ಪೂಜಿಸುತ್ತಾರೆ. ಅದೇ ಜಾತಿಯ ಗಿಡವನ್ನ ನಾವು 30×40 ಸೈಟಿನ ಕಾಂಪೌಂಡ್ ಮೂಲೆಯಲ್ಲಿ, ಗೋಡೆಯಿಂದ ಎರಡಡಿ ದೂರದಲ್ಲಿ ನೆಟ್ಟು, ಆಮೇಲೆ ವರ್ಷಾ ವರ್ಷ ತಲೆ ಕಡಿಯುತ್ತಾ ಹೋದರೆ ಹೂ ಎಲ್ಲಿಂದ ಬರಬೇಕು?

ಹಾಗಾಗಿ ನನ್ನ ಸಲಹೆ ನೇರವಾಗಿದೆ. ತೋಟ, ಹೊಲದ ಬದು, ಶಾಲೆ ಮೈದಾನ, ದೇವಸ್ಥಾನದ ಅಂಗಳ, ಅಗಲವಾದ ರಸ್ತೆ ಬದಿ, ಇಲ್ಲೆಲ್ಲ ಬೀಜದ ಗಿಡ ಹಾಕಿ. ನಿಧಾನಕ್ಕೆ ಬಂದರೂ ನಿಜವಾದ ಮರವಾಗಿ ನಿಲ್ಲುತ್ತೆ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಆ ಹೆಸರು ಬಂದದ್ದು ಇಂಥ ಮರಗಳಿಂದಲೇ ಅಲ್ವಾ. ಮನೆ ಮುಂದಿನ ಚಿಕ್ಕ ಜಾಗಕ್ಕೆ, ತಾರಸಿಗೆ ಕಸಿ ಗಿಡ ಮಾತ್ರ. ಅದನ್ನು 10–12 ಅಡಿಯಲ್ಲೇ ಹಿಡಿದಿಟ್ಟುಕೊಂಡು ಹೂ ತೆಗೆಯಬಹುದು.

ನರ್ಸರಿಯಲ್ಲಿ ಏನು ನೋಡಬೇಕು

ಮಾರುವವರು ಎಲ್ಲವನ್ನೂ ಕಸಿ ಅಂತಲೇ ಹೇಳುತ್ತಾರೆ. ಸುಮ್ನೆ ತಲೆ ಆಡಿಸಬೇಡಿ, ಬಗ್ಗಿ ಬುಡ ನೋಡಿ. ಮಣ್ಣಿನಿಂದ ಒಂದು ಗೇಣು ಮೇಲೆ ಕಾಂಡದಲ್ಲಿ ಗಂಟಿನ ಹಾಗೆ ಉಬ್ಬಿರುತ್ತೆ, ಓರೆಯಾಗಿ ಕತ್ತರಿಸಿ ಕೂಡಿಸಿದ ಗುರುತು ಇರುತ್ತೆ, ಗಂಟಿನ ಕೆಳಗಿನ ತೊಗಟೆಗೂ ಮೇಲಿನದಕ್ಕೂ ಬಣ್ಣದಲ್ಲಿ ತುಸು ವ್ಯತ್ಯಾಸ ಕಾಣುತ್ತೆ. ಹೊಸ ಕಸಿಯಾದರೆ ಪ್ಲಾಸ್ಟಿಕ್ ಪಟ್ಟಿಯೂ ಅಲ್ಲೇ ಇರಬಹುದು. ಬುಡದಿಂದ ತುದಿವರೆಗೆ ಕಾಂಡ ಒಂದೇ ಸಮ ನೆಟ್ಟಗೆ ಇದ್ದರೆ ಅದು ಬೀಜದ ಗಿಡ. ಎರಡಡಿ ಎತ್ತರದ ಗಿಡದಲ್ಲೇ ಮೊಗ್ಗು ಕಂಡರೆ ಅದು ಕಸಿ ಅಂತ ಧೈರ್ಯವಾಗಿ ಹೇಳಬಹುದು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗೋದು ಸಾಮಾನ್ಯವಾಗಿ ಬೀಜದ ಗಿಡಗಳು, ಜಾಗ ಇದ್ದವರಿಗೆ ಅವೇ ಚೆನ್ನ.

ಕಸಿ ಪಟ್ಟಿ ಇನ್ನೂ ಬಿಗಿಯಾಗಿ ಕಟ್ಟಿದ್ದರೆ, ಕೂಡಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ಬ್ಲೇಡಿನಿಂದ ಬಿಚ್ಚಿ. ಬಿಚ್ಚದೆ ಬಿಟ್ಟರೆ ಕಾಂಡ ದಪ್ಪವಾಗುತ್ತಾ ಪಟ್ಟಿ ಒಳಗೆ ಕೊರೆದುಕೊಂಡು, ಒಂದು ದಿನ ಗಾಳಿಗೆ ಅಲ್ಲಿಗೇ ಮುರಿಯುತ್ತೆ.

ಬಣ್ಣದ ವಿಷಯ. ಕಿತ್ತಳೆ ಮಿಶ್ರಿತ ಗಾಢ ಹಳದಿ ಇರೋದು ಕೆಂಡಸಂಪಿಗೆ, ಪೂಜೆಗೆ ಮುಡಿಯೋದಕ್ಕೆ ಎಲ್ಲರೂ ಹುಡುಕೋದು ಅದನ್ನೇ. ತಿಳಿ ಹಳದಿಯವೂ ಇವೆ. ಬೀಜದ ಗಿಡದಲ್ಲಿ ತಾಯಿ ಮರದ ಬಣ್ಣವೇ ಬರುತ್ತೆ ಅಂತ ಹೇಳೋಕಾಗಲ್ಲ, ಕಸಿಯಲ್ಲಿ ಅದೇ ಬಣ್ಣ ಬಂದೇ ಬರುತ್ತೆ. ಬಿಳಿ ಸಂಪಿಗೆ ಬೇರೆ, ಅದು ಮಿಶ್ರತಳಿ. ಎಸಳು ಸಣ್ಣಗೆ, ಪರಿಮಳ ತುಸು ಮೃದು, ಕುಂಡದಲ್ಲಿ ಬೆಳೆಸೋಕೆ ಇದೇ ಹೆಚ್ಚು ಹೊಂದಿಕೊಳ್ಳುತ್ತೆ. ಬಿಳಿ ಸಂಪಿಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ, ಹಾಗಾಗಿ "ಬಿಳಿ ಸಂಪಿಗೆ ಬೀಜ" ಅಂತ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ನಾಗಸಂಪಿಗೆ ಇದರ ನೆಂಟನೂ ಅಲ್ಲ. ಅದಕ್ಕೆ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಗುಚ್ಛ, ಬಲು ಗಟ್ಟಿ ಮರ, ಬೆಳವಣಿಗೆ ತೀರಾ ನಿಧಾನ. ಹಾಗೆಯೇ ದೇವಗಣಗಿಲೆಯನ್ನೂ ಕೆಲವು ಕಡೆ ಸಂಪಿಗೆ ಅಂತಾರೆ, ಮುರಿದರೆ ಹಾಲು ಸುರಿಯುವ ಗಿಡ. "ಕೊಂಬೆ ಮುರಿದು ನೆಟ್ಟರೆ ಸಾಕು, ಬರುತ್ತೆ" ಅನ್ನೋ ಸಲಹೆ ನಿಜವಾಗೋದು ಆ ಗಿಡಕ್ಕೆ. ನಮ್ಮ ಸಂಪಿಗೆಯ ಕೊಂಬೆಯನ್ನ ಹಾಗೆ ನೆಟ್ಟರೆ ಒಣಗುತ್ತೆ. ಹಳೆಯ ಪುಸ್ತಕಗಳಲ್ಲಿ, ನರ್ಸರಿ ಚೀಟಿಗಳಲ್ಲಿ ಮೈಕೇಲಿಯಾ ಚಂಪಕ ಅಂತ, ಹೊಸದರಲ್ಲಿ ಮ್ಯಾಗ್ನೋಲಿಯಾ ಚಂಪಕ ಅಂತ ಇದ್ದರೆ ಗಾಬರಿ ಬೇಡ, ಎರಡೂ ಇದೇ ಮರ.

ನೆಡುವುದು

ಮುಂಗಾರು ಹಿಡಿದ ಮೇಲೆ, ಜೂನ್–ಜುಲೈನಲ್ಲಿ ನೆಡಿ. ಗುಂಡಿಯನ್ನ ಮಾತ್ರ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟಿರಿ. ಉದ್ದ, ಅಗಲ, ಆಳ ಎಲ್ಲ 2–3 ಅಡಿ ಇರಲಿ. ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಮಣ್ಣು ಅಂಟಾಗಿದ್ದರೆ ಮರಳನ್ನೂ ಕಲಸಿ.

ಹೊಸ ಮನೆ ಕಟ್ಟಿದವರು ಇದನ್ನ ಗಮನ ಕೊಟ್ಟು ಓದಿ. ಕಾಂಪೌಂಡ್ ಪಕ್ಕದ ಮಣ್ಣು ಅಂತ ನಾವು ಅಂದುಕೊಂಡಿರೋದರಲ್ಲಿ ಅರ್ಧ ಸಿಮೆಂಟ್ ಚೂರು, ಸುಣ್ಣ, ಇಟ್ಟಿಗೆ ಪುಡಿ ಇರುತ್ತೆ. ಸಂಪಿಗೆಗೆ ತುಸು ಹುಳಿ ಗುಣದ ಮಣ್ಣು ಬೇಕು, ಸುಣ್ಣ ಆಗಿಬರಲ್ಲ. ಅಂಥ ಕಡೆ ನೆಟ್ಟರೆ ಒಂದೆರಡು ವರ್ಷದಲ್ಲಿ ಹೊಸ ಎಲೆಗಳು ಹಳದಿ ತಿರುಗಿ, ನರ ಮಾತ್ರ ಹಸಿರಾಗಿ ಉಳಿಯುತ್ತವೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದು ಸಿಗದೆ ಹೋಗೋದೇ ಇದಕ್ಕೆ ಕಾರಣ. ಕಟ್ಟಡದ ಕಸವನ್ನೆಲ್ಲ ಅಗೆದು ಹೊರಗೆ ಹಾಕಿ, ಬೇರೆ ಕಡೆಯಿಂದ ಕೆಮ್ಮಣ್ಣು ತಂದು ತುಂಬಿ. ಗಡಸು ಬೋರ್‌ವೆಲ್ ನೀರನ್ನೇ ವರ್ಷವಿಡೀ ಹಾಕಿದರೂ ಇದೇ ತೊಂದರೆ ಬರುತ್ತೆ, ಮಳೆನೀರು ಹಿಡಿದಿಟ್ಟಿದ್ದರೆ ಮೊದಲ ಪಾಲು ಸಂಪಿಗೆಗೆ ಕೊಡಿ. ಈಗಾಗಲೇ ಹಳದಿ ಆಗಿದ್ದರೆ ಬುಡಕ್ಕೆ ತರಗೆಲೆ ಗೊಬ್ಬರ ಜಾಸ್ತಿ ಮಾಡಿ, ಗೊಬ್ಬರದ ಅಂಗಡಿಯಲ್ಲಿ ಕೀಲೇಟೆಡ್ ಕಬ್ಬಿಣ ಅಂತ ಸಿಗುತ್ತೆ, ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲಿ ಎಲೆಗೆ ಸಿಂಪಡಿಸಿ.

ಮಲೆನಾಡು, ಕೊಡಗು, ಕರಾವಳಿಯ ಕೆಮ್ಮಣ್ಣಿನಲ್ಲಿ ಇಷ್ಟೆಲ್ಲ ತಲೆಬಿಸಿ ಇಲ್ಲ, ನೆಟ್ಟರೆ ಬರುತ್ತೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಮಾತ್ರ ಕಷ್ಟ. ಎರೆಮಣ್ಣು ನೀರು ಹಿಡಿದುಕೊಳ್ಳುತ್ತೆ, ಸಂಪಿಗೆಯ ಬೇರು ನೀರಲ್ಲಿ ನಿಂತರೆ ಕೊಳೆಯುತ್ತೆ. ಅಲ್ಲಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ನೆಡಿ. ವಿಜಯಪುರ, ಕಲಬುರಗಿ ಕಡೆಯ ಬೇಸಿಗೆಯ ಒಣ ಬಿಸಿಗಾಳಿಗೆ ಎಲೆ ಅಂಚು ಸುಟ್ಟ ಹಾಗೆ ಆಗುತ್ತೆ, ಎಳೆ ಗಿಡಕ್ಕೆ ಪಶ್ಚಿಮದ ಬಿಸಿಲು ತಡೆಯುವ ಹಾಗೆ ತೆಂಗಿನ ಗರಿ ಕಟ್ಟಿ.

ನೆಡುವಾಗ ಕವರ್ ಹರಿದು ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಇದು ತುಂಬಾ ಮುಖ್ಯ. ಸಂಪಿಗೆಯ ಬೇರು ದಪ್ಪ, ಮೆತ್ತಗೆ, ಬೇಗ ಮುರಿಯುವಂಥದ್ದು. ಮುರಿದ ಕಡೆ ಕೊಳೆ ಶುರುವಾಗುತ್ತೆ. ದಾಸವಾಳದ ಬೇರನ್ನ ಕೊಡವಿ, ಕತ್ತರಿಸಿ ನೆಟ್ಟರೂ ತಡೆದುಕೊಳ್ಳುತ್ತೆ, ಇದು ತಡೆಯಲ್ಲ. "ಇಲ್ಲಿ ಬೇಡ, ಆ ಕಡೆ ಇರಲಿ" ಅಂತ ಎರಡು ವರ್ಷ ಆದಮೇಲೆ ಕಿತ್ತು ಸ್ಥಳ ಬದಲಿಸೋ ಯೋಚನೆ ಇದ್ದರೆ ಈಗಲೇ ಯೋಚಿಸಿ. ಕಸಿ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಬುಡದಲ್ಲಿ ಊರುಗೋಲು ಕೊಟ್ಟು ಮೆತ್ತನೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಅಂತರ ಕೇಳಿದರೆ, ಬೀಜದ ಗಿಡವನ್ನ ಮನೆ ಗೋಡೆಯಿಂದ 20 ಅಡಿಯಾದರೂ ದೂರ ಇಡಿ, ಕಸಿ ಗಿಡಕ್ಕೆ 8–10 ಅಡಿ ಸಾಕು. ಮೇಲೆ ಕರೆಂಟ್ ತಂತಿ ಇದೆಯಾ ಅಂತ ಒಮ್ಮೆ ತಲೆ ಎತ್ತಿ ನೋಡಿ.

ನೀರು, ಗೊಬ್ಬರ, ಕತ್ತರಿ

ಮೊದಲ ಎರಡು ಬೇಸಿಗೆ ಕಾಪಾಡಿದರೆ ಮುಂದೆ ಅದೇ ನೋಡಿಕೊಳ್ಳುತ್ತೆ. ಬೆರಳು ಒಂದು ಇಂಚು ಇಳಿಸಿ, ಒಣಗಿದ್ದರೆ ನೀರು ಕೊಡಿ, ಹಸಿ ಇದ್ದರೆ ಬಿಡಿ. ದಿನಾ ಒಂದು ಚೊಂಬು ಚಿಮುಕಿಸೋದಕ್ಕಿಂತ ವಾರಕ್ಕೆ ಎರಡು ಸಲ ಪಾತಿ ತುಂಬಾ ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತೆ. ಬುಡದ ಸುತ್ತ ತರಗೆಲೆ, ತೆಂಗಿನ ಸಿಪ್ಪೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಗೊಬ್ಬರ ವರ್ಷಕ್ಕೆ ಎರಡು ಸಲ, ಮಳೆ ಶುರುವಾದಾಗ ಒಮ್ಮೆ, ಮಳೆಗಾಲ ಮುಗಿಯುವಾಗ ಒಮ್ಮೆ. ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಅಥವಾ ಅದರ ಅರ್ಧದಷ್ಟು ಎರೆಹುಳು ಗೊಬ್ಬರ, ಜೊತೆಗೆ ಬೇವಿನ ಹಿಂಡಿ. ಯೂರಿಯಾ ಸುರಿದರೆ ಎಲೆ ತಟ್ಟೆಯಷ್ಟಗಲ ಆಗುತ್ತೆ, ಹೂ ಹಿಂದೆ ಬೀಳುತ್ತೆ. ಕಸಿ ಗಿಡ ಆಗಿದ್ದೂ ಹೂ ಬಿಡದಿದ್ದರೆ ಮೊದಲು ಬಿಸಿಲು ನೋಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಸಂಪಿಗೆ ಬದುಕುತ್ತೆ, ಹೂವು ಮಾತ್ರ ಅಪರೂಪ.

ಇನ್ನೊಂದು ಕಾರಣ, ಕಸಿ ಗಂಟಿನ ಕೆಳಗಿಂದ ಚಿಗುರು ಬಂದು ಅದೇ ಮೇಲೇರಿ, ಕಸಿ ಮಾಡಿದ ಭಾಗ ಸೊರಗಿರೋದು. ದುಡ್ಡು ಕೊಟ್ಟು ತಂದ ಕಸಿ ಗಿಡ ಹೀಗೆ ಮನೆಯಲ್ಲೇ ಬೀಜದ ಗಿಡವಾಗಿಬಿಡುತ್ತೆ. ತಿಂಗಳಿಗೊಮ್ಮೆ ಬುಡ ನೋಡಿ, ಗಂಟಿನ ಕೆಳಗೆ ಏನು ಚಿಗುರಿದರೂ ಎಳೆಯದಾಗಿರುವಾಗಲೇ ಬೆರಳಲ್ಲಿ ಚಿವುಟಿ ತೆಗೆಯಿರಿ.

ಕತ್ತರಿ ಹಾಕೋದು ಹೂವಿನ ಭರಾಟೆ ಮುಗಿದ ಮೇಲೆ. ಹೂ ಬರೋದು ಎಲೆಯ ಕಂಕುಳಲ್ಲಿ, ಹೊಸ ರೆಂಬೆಗಳಲ್ಲಿ. ಅದಕ್ಕೇ ತುದಿಯನ್ನ ತುಸು ಮೊಟಕು ಮಾಡಿದರೆ ಪಕ್ಕದ ರೆಂಬೆ ಒಡೆದು ಹೂ ಜಾಸ್ತಿ ಆಗುತ್ತೆ. ದಪ್ಪ ಕೊಂಬೆಗಳನ್ನ ಬೋಳು ಮಾಡಿದರೆ ಆ ವರ್ಷ ಎಲೆ ತುಂಬಿಕೊಳ್ಳೋದರಲ್ಲೇ ಕಳೆದುಹೋಗುತ್ತೆ.

ಕುಂಡದಲ್ಲಿ ಬೆಳೆಸುವವರು 18–20 ಇಂಚಿನ ಕುಂಡ ಅಥವಾ ಅರ್ಧ ಡ್ರಮ್ ತಗೊಳ್ಳಿ, ತಳದಲ್ಲಿ ತೂತು ಸರಿಯಾಗಿರಲಿ. ಕೆಮ್ಮಣ್ಣು, ಗೊಬ್ಬರ, ಮರಳು ಜೊತೆಗೆ ಸ್ವಲ್ಪ ಕೋಕೋಪೀಟ್. ಕುಂಡದ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ.

ಬೀಜದಿಂದ ಮಾಡುವವರಿಗೆ

ಮಳೆಗಾಲದ ಕೊನೆಯ ಹೊತ್ತಿಗೆ ಸಂಪಿಗೆ ಕಾಯಿ ಬಲಿಯುತ್ತೆ. ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುವ ಗೊಂಚಲು, ಒಂದೊಂದು ಕಾಯಿಯ ಮೇಲೂ ಬಿಳಿ ಚುಕ್ಕೆ. ಬಲಿತಾಗ ಬಿರಿದು, ಒಳಗಿನಿಂದ ಕೆಂಪು ಬೀಜ ಇಣುಕುತ್ತೆ. ಆ ಕೆಂಪು, ಬೀಜದ ಮೇಲಿನ ಎಣ್ಣೆಯಂಶದ ತಿರುಳು. ಕೋಗಿಲೆ, ಗೊರವಂಕ, ಪಿಕಳಾರ, ಕುಟ್ರು ಎಲ್ಲ ಅದಕ್ಕೆ ಮುಗಿಬೀಳುತ್ತವೆ, ನೀವು ತಡಮಾಡಿದರೆ ಗೊಂಚಲು ಖಾಲಿ. ಒಂದೆರಡು ಕಾಯಿ ಬಿರಿಯುತ್ತಿದ್ದ ಹಾಗೇ ಇಡೀ ಗೊಂಚಲು ತಂದು ನೆರಳಲ್ಲಿ ಹರಡಿ, ಉಳಿದವು ತಾವೇ ಬಿರಿಯುತ್ತವೆ.

ಬೀಜಕ್ಕೆ ಆಯಸ್ಸು ಕಡಿಮೆ. ಎಣ್ಣೆ ಬೀಜ, ಎರಡು ವಾರ ಇಟ್ಟರೆ ಮೊಳೆಯುವ ಶಕ್ತಿ ಬಹುಪಾಲು ಹೋಗಿರುತ್ತೆ. ಆನ್‌ಲೈನಲ್ಲಿ ಪ್ಯಾಕೆಟ್‌ನಲ್ಲಿ ಬರುವ ಸಂಪಿಗೆ ಬೀಜ ಮೊಳೆಯದಿರೋದು ಇದಕ್ಕೇ. ಅಂಗೈಯಲ್ಲಿ ಒರಟು ಮರಳು ತಗೊಂಡು ಬೀಜವನ್ನ ಅದರೊಳಗೆ ಹಾಕಿ ತಿಕ್ಕಿ, ನೀರಲ್ಲಿ ತೊಳೆಯಿರಿ, ಮತ್ತೆ ತಿಕ್ಕಿ. ಕೈಗೆ ಜಿಡ್ಡು ಅಂಟುತ್ತೆ, ಕೆಂಪು ಪೂರ್ತಿ ಹೋಗಿ ಕಪ್ಪು ಬೀಜ ಕಾಣಬೇಕು. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತೆ, ಮೊಳಕೆಯೂ ತಡ. ಒಂದು ರಾತ್ರಿ ನೀರಲ್ಲಿ ನೆನೆಸಿ, ತೇಲಿದ್ದನ್ನ ಎಸೆದು, ಮುಳುಗಿದ್ದನ್ನ ಅರ್ಧ ಇಂಚು ಆಳಕ್ಕೆ ಹಾಕಿ. ಮರಳು, ಮಣ್ಣು, ಕಳಿತ ಗೊಬ್ಬರ ಸಮ ಸಮ. ನೆರಳಲ್ಲಿಡಿ, ಒಣಗೋಕೆ ಬಿಡಬೇಡಿ, ಇರುವೆ ಇಲಿಗಳಿಂದ ಕಾಯಿರಿ. ಮೊಳಕೆ ಬರೋಕೆ ಒಂದು ತಿಂಗಳಿಂದ ಮೂರು ತಿಂಗಳು. ಎಲ್ಲ ಒಟ್ಟಿಗೆ ಬರಲ್ಲ, ಮೊದಲನೆಯದು ಬಂದ ಎಷ್ಟೋ ವಾರಕ್ಕೆ ಇನ್ನೊಂದು ತಲೆ ಎತ್ತುತ್ತೆ, ಹಾಗಾಗಿ ಮಣ್ಣು ಕೆದಕಿ ನೋಡಬೇಡಿ. ನಾಲ್ಕು ಎಲೆ ಆದಾಗ ಮಣ್ಣಿನ ಸಮೇತ ಎತ್ತಿ ಕವರಿಗೆ ಹಾಕಿ, ಮುಂದಿನ ಮುಂಗಾರಿಗೆ ನೆಡಿ.

ಊರಲ್ಲಿ ಒಳ್ಳೆ ಬಣ್ಣದ, ಒಳ್ಳೆ ಪರಿಮಳದ ಹಳೆ ಮರ ಇದ್ದರೆ, ಮನೆಯಲ್ಲೇ ಕಸಿ ಮಾಡಬಹುದು. ಪೆನ್ಸಿಲ್ ದಪ್ಪ ಆದ ಬೀಜದ ಗಿಡವನ್ನ ಕವರ್ ಸಮೇತ ಮರದ ಬಳಿ ಒಯ್ದು, ಅಷ್ಟೇ ದಪ್ಪದ ಬಗ್ಗುವ ರೆಂಬೆ ಆರಿಸಿ. ಎರಡರಲ್ಲೂ ಎರಡಿಂಚು ಉದ್ದ ತೊಗಟೆಯ ಜೊತೆ ತೆಳ್ಳಗೆ ಕಟ್ಟಿಗೆಯನ್ನೂ ಹೆರೆದು, ಹೆರೆದ ಮುಖಗಳನ್ನ ಒಂದಕ್ಕೊಂದು ಒತ್ತಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಗಿಡಕ್ಕೆ ನೀರು ತಪ್ಪಿಸಬೇಡಿ. ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತೆ. ಆಮೇಲೆ ಮರದ ರೆಂಬೆಯನ್ನ ಗಂಟಿನ ಕೆಳಗೆ, ಗಿಡದ ತಲೆಯನ್ನ ಗಂಟಿನ ಮೇಲೆ ಕತ್ತರಿಸಿ. ಒಂದೇ ಸಲ ಪೂರ್ತಿ ಕತ್ತರಿಸದೆ, ಮೊದಲು ಅರ್ಧ ಕಚ್ಚು ಹಾಕಿ ಒಂದು ವಾರ ಬಿಟ್ಟು ಮುಗಿಸಿದರೆ ಗಿಡ ಬಾಡಲ್ಲ. ಮಳೆಗಾಲದಲ್ಲಿ ಮಾಡಿದರೆ ಚೆನ್ನಾಗಿ ಹಿಡಿಯುತ್ತೆ.

ಹುಳ, ಚಿಟ್ಟೆ

ಎಳೆ ರೆಂಬೆಗೆ ಬಿಳಿ ಹಿಟ್ಟುತಿಗಣೆ ಬರುತ್ತೆ, ಕಾಂಡಕ್ಕೆ ಕಂದು ಚುಕ್ಕೆಯ ಹಾಗೆ ಅಂಟಿಕೊಳ್ಳುವ ಶಲ್ಕ ಕೀಟ ಬರುತ್ತೆ. ಇರುವೆ ಸಾಲು ಹತ್ತಿದ್ದರೆ ಮೇಲೆ ಇವು ಇವೆ ಅಂತ ತಿಳಿಯಿರಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪು ನೀರು ಸೇರಿಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಹಸಿರು ಹುಳು ಎಲೆ ತಿನ್ನುತ್ತಿದ್ದರೆ ಮಾತ್ರ ಔಷಧಿ ತೆಗೆಯಬೇಡಿ. ತಲೆಯ ಕಡೆ ಉಬ್ಬಿ, ಬಾಲದ ಕಡೆ ಸಣ್ಣಗಾಗಿರುವ ಹುಳು ಅದು. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ ಇರುವ, ಒಂದು ಕಡೆ ನಿಲ್ಲದೆ ಹಾರಾಡುವ ಟೈಲ್ಡ್ ಜೇ ಚಿಟ್ಟೆಯ ಮರಿ. ಸಂಪಿಗೆ, ಸೀತಾಫಲ, ಅಶೋಕದ ಹೆಸರಲ್ಲಿ ಸಾಲಾಗಿ ನೆಡುವ ಉದ್ದನೆ ಮರ, ಇವುಗಳ ಎಲೆಯೇ ಅದರ ಊಟ. ಹತ್ತಾರು ಎಲೆ ಹೋದರೆ ಗಿಡಕ್ಕೆ ಏನೂ ಆಗಲ್ಲ.

ಸಂಪಿಗೆಗೆ ದುಂಬಿ ಬರಲ್ಲ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಅದರಲ್ಲಿ ಹುರುಳಿದೆ. ಈ ಕುಲದ ಹೂಗಳಲ್ಲಿ ಸಾಮಾನ್ಯವಾಗಿ ಜೇನಿಗೆ ಬೇಕಾದ ಮಕರಂದ ಇರಲ್ಲ. ಪರಾಗ ತಿನ್ನಲು ಬರುವ ಪುಟ್ಟ ಜೀರುಂಡೆಗಳೇ ಹೆಚ್ಚಾಗಿ ಇವುಗಳ ಪರಾಗಸ್ಪರ್ಶ ಮಾಡೋದು.

ಹೂ ಕೊಯ್ಯುವುದು, ಬಳಸುವುದು

ಬೇಸಿಗೆಯ ಕೊನೆಯಿಂದ ಮಳೆಗಾಲದುದ್ದಕ್ಕೂ ಹೂ ಜಾಸ್ತಿ. ಬೆಳಗಿನ ಜಾವ, ಬಿಸಿಲು ಬೀಳುವ ಮುಂಚೆ ಕೊಯ್ಯಿರಿ. ಮೊಗ್ಗಿನ ಹೊರಗಿನ ಹಸಿರು ಸಿಪ್ಪೆ ಬಿದ್ದು, ಎಸಳು ಬಣ್ಣಕ್ಕೆ ತಿರುಗಿ, ಇನ್ನೂ ಅರೆಬಿರಿದಿರುವಾಗ ಕೊಯ್ದರೆ ಸಂಜೆವರೆಗೂ ನಿಲ್ಲುತ್ತೆ. ಪೂರ್ತಿ ಅರಳಿದ್ದು ಮಧ್ಯಾಹ್ನಕ್ಕೇ ಎಸಳು ಉದುರಿಸುತ್ತೆ. ತೊಟ್ಟು ಹಿಡಿದು ಮುರಿಯಿರಿ, ಎಸಳು ಮುಟ್ಟಬೇಡಿ, ಬೆರಳು ತಾಗಿದ ಕಡೆ ಸ್ವಲ್ಪ ಹೊತ್ತಿಗೇ ಕಂದು ಕಲೆ ಬೀಳುತ್ತೆ. ಎತ್ತರದ್ದಕ್ಕೆ ದೋಟಿ ಇರಲಿ, ಮರ ಹತ್ತಬೇಡಿ. ದೋಟಿಯ ಕೊಕ್ಕೆಯ ಕೆಳಗೆ ಸಣ್ಣ ಬಟ್ಟೆ ಚೀಲ ಕಟ್ಟಿದರೆ ಹೂ ನೆಲಕ್ಕೆ ಬಿದ್ದು ಜಜ್ಜಿಹೋಗಲ್ಲ. ಒದ್ದೆ ಬಟ್ಟೆ ಅಥವಾ ಬಾಳೆಲೆಯಲ್ಲಿ ಸುತ್ತಿಡಿ.

ಜಡೆಗೆ ಒಂದು ಸಿಕ್ಕಿಸಿದರೆ ಸಾಕು, ಮಲ್ಲಿಗೆಯ ಹಾಗೆ ಮೊಳಗಟ್ಟಲೆ ಬೇಡ. ಕೆಲವರಿಗೆ ಈ ವಾಸನೆಗೆ ತಲೆನೋವು ಬರುತ್ತೆ, ಮಲಗುವ ಕೋಣೆಯಲ್ಲಿ ಇಡುವ ಮುಂಚೆ ಮನೆಯವರನ್ನ ಕೇಳಿ. ಅಗಲ ಬಟ್ಟಲಿನ ನೀರಲ್ಲಿ ನಾಲ್ಕು ತೇಲಿಬಿಟ್ಟರೆ ಹಜಾರವೆಲ್ಲ ಘಮ್ಮೆನ್ನುತ್ತೆ. ನೆರಳಲ್ಲಿ ಒಣಗಿಸಿ ಸೀರೆ ಮಡಿಕೆಯ ನಡುವೆ ಕಾಗದದಲ್ಲಿ ಸುತ್ತಿ ಇಡಿ, ನೇರವಾಗಿ ಇಟ್ಟರೆ ಕಲೆಯಾಗುತ್ತೆ. ಪೂಜೆಯಲ್ಲಿ ದೇವಿಗೆ, ವಿಷ್ಣುವಿಗೆ ಮುಡಿಸುತ್ತಾರೆ. ಶಿವನಿಗೆ ಸಂಪಿಗೆ ಇಡದ ಮನೆಗಳೂ ಇವೆ, ಬಿಳಿಗಿರಿ ಬೆಟ್ಟದ ಸೋಲಿಗರಲ್ಲಿ ಮಾತ್ರ ಲಿಂಗ ಇರೋದೇ ಸಂಪಿಗೆಯ ಬುಡದಲ್ಲಿ.

ಉತ್ತರ ಪ್ರದೇಶದ ಕನೌಜ್‌ನಲ್ಲಿ ಈ ಹೂವನ್ನ ಬಟ್ಟಿ ಇಳಿಸಿ, ಆವಿಯನ್ನ ಶ್ರೀಗಂಧದ ಎಣ್ಣೆಗೆ ಹಿಡಿದು ಚಂಪಾ ಅತ್ತರು ಮಾಡುತ್ತಾರೆ. ನಮ್ಮ ಮೈಸೂರು, ಬೆಂಗಳೂರಿನ ಊದುಬತ್ತಿಗಳಲ್ಲೂ ಸಂಪಿಗೆ ಪರಿಮಳಕ್ಕೆ ಖಾಯಂ ಜಾಗ ಇದೆ. ಮರಮುಟ್ಟು ಹಗುರ, ಕೆಲಸಕ್ಕೆ ಸುಲಭ, ಪೀಠೋಪಕರಣ, ಬಾಗಿಲು, ಪ್ಲೈವುಡ್‌ಗೆ ಬಳಸುತ್ತಾರೆ. ಅಸ್ಸಾಂನಲ್ಲಿ ತಿತಾಸಪಾ ಅಂತ ಕರೆದು ಮನೆ ಕಟ್ಟೋಕೂ ಉಪಯೋಗಿಸುತ್ತಾರೆ. ಆಯುರ್ವೇದದಲ್ಲಿ ತೊಗಟೆ, ಹೂ ಎರಡಕ್ಕೂ ಬಳಕೆ ಇದೆ, ಆದರೆ ವೈದ್ಯರನ್ನ ಕೇಳದೆ ಮನೆಯಲ್ಲಿ ಕಷಾಯ ಮಾಡಿ ಕುಡಿಯಬೇಡಿ.

ಈಗಾಗಲೇ ದೊಡ್ಡ ಮರ ಇರುವವರಿಗೆ ಇನ್ನೊಂದು ಮಾತು. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ, ಫುಟ್‌ಪಾತ್ ಕೆಲಸ ನಡೆಯುವಾಗ ಕಾಂಡದವರೆಗೂ ಕಾಂಕ್ರೀಟ್ ಸುರಿದುಬಿಡುತ್ತಾರೆ. ಮರ ತಕ್ಷಣ ಸಾಯಲ್ಲ, ಬೇರಿಗೆ ಗಾಳಿ ನೀರು ಹೋಗದೆ ತುದಿ ರೆಂಬೆಗಳಿಂದ ಒಣಗುತ್ತಾ ಬರುತ್ತೆ, ಆಮೇಲೆ ರೋಗ ಬಂತು ಅಂತ ಕಡಿಯುತ್ತಾರೆ. ಕೆಲಸ ಶುರುವಾಗುವ ದಿನವೇ ಹೋಗಿ ನಿಂತು, ಬುಡದ ಸುತ್ತ ಮೂರು ಅಡಿಯಾದರೂ ಬರೀ ಮಣ್ಣು ಬಿಡಿಸಿ. ಈಗಾಗಲೇ ಸುರಿದಿದ್ದರೆ ಬೇರಿಗೆ ಪೆಟ್ಟಾಗದ ಹಾಗೆ ಕೈ ಉಳಿಯಿಂದ ಒಡೆಸಿ, ಮೇಲೆ ಗೊಬ್ಬರ, ತರಗೆಲೆ ಹರಡಿ ನೀರು ಕೊಡಿ.